ನೈದಿಲೆ ಕೊಳದ ದಡದಲ್ಲಿ ನಿಂತವಳು

ಪ್ಯಾರಿಸ್ ನಗರದಲ್ಲಿ ಸೀನ್ ನದಿಯ ದಡಕ್ಕೆ ಅಂಟಿಕೊಂಡಂತೆ ಒರಾಂಜರಿ ಎಂಬ ನೀಳವಾದ ಕಟ್ಟಡವೊಂದಿದೆ. ಅರಮನೆಯ ತೋಟದ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡಲೆಂದು 1852ರಲ್ಲಿ ಕಟ್ಟಿಸಿದ ಮನೆ ಅದು. ಇಂದು ಅದರೊಳಗೆ ಮೊಟ್ಟೆಯಾಕಾರದ ಎರಡು ಸಭಾಂಗಣಗಳಿವೆ. ಬಾಗಿದ ಗೋಡೆಗಳ ಉದ್ದಕ್ಕೂ ಎಂಟು ಬೃಹತ್ ಚಿತ್ರಗಳಿವೆ. ಒಟ್ಟು 22 ಫಲಕಗಳಲ್ಲಿ ಮೂಡಿರುವ ಈ ಚಿತ್ರಗಳ ಎತ್ತರ ಸುಮಾರು 2 ಮೀಟರ್. ಸಾಲಾಗಿ ಜೋಡಿಸಿದರೆ ಉದ್ದ 90 ಮೀಟರ್ ದಾಟುತ್ತದೆ. ಅವುಗಳಲ್ಲಿ ಮನುಷ್ಯರಿಲ್ಲ, ಮನೆಗಳಿಲ್ಲ, ಭೂಮಿ ಆಕಾಶಗಳನ್ನು ಬೇರ್ಪಡಿಸುವ ಗೆರೆಯೂ ಇಲ್ಲ. ನೀರು, ನೀರಿನ ಮೇಲೆ ತೇಲುವ ನೈದಿಲೆಗಳು, ನೀರೊಳಗೆ ತಲೆಕೆಳಗಾಗಿ ಕಾಣುವ ಮೋಡಗಳು, ನೀರಿನತ್ತ ಬಾಗಿದ ವಿಲೋ ಮರಗಳು, ಇಷ್ಟೇ.

ಇವನ್ನು ಬರೆದವನು ಫ್ರಾನ್ಸಿನ ಕ್ಲೋದ್ ಮೊನೆ. ಈ ಮಹತ್ಕಾರ್ಯಕ್ಕೆ ಕೈಹಾಕಿದಾಗ ಆತನ ವಯಸ್ಸು 73. ಮುಂದಿನ ಹನ್ನೆರಡು ವರ್ಷಗಳನ್ನು ಅದಕ್ಕೇ ಮುಡಿಪಾಗಿಟ್ಟು 86ನೇ ವಯಸ್ಸಿನಲ್ಲಿ ತೀರಿಕೊಂಡನು. ಆದರೆ ಇದನ್ನು ಆರಂಭಿಸುವ ಮುನ್ನ ಸುಮಾರು ಮೂರು ವರ್ಷ ಆತ ಕುಂಚವನ್ನು ಬಹುಮಟ್ಟಿಗೆ ಕೆಳಗಿಟ್ಟಿದ್ದನು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ದುಃಖದಿಂದ ಕುಸಿದು ಕುಳಿತಿದ್ದ ಒಬ್ಬ ವೃದ್ಧ ಮತ್ತೆ ಕ್ಯಾನ್ವಾಸಿನ ಮುಂದೆ ನಿಂತದ್ದು ಹೇಗೆ? ಹಾಗೆ ನಿಲ್ಲುವಾಗ ಆತನ ಪಕ್ಕದಲ್ಲಿ ಇದ್ದವರು ಯಾರು? ಅದಕ್ಕೆ ಅವರು ತೆತ್ತ ಬೆಲೆಯೇನು? ಕಲೆಯ ಇತಿಹಾಸ ಈ ಪ್ರಶ್ನೆಗಳನ್ನು ಬಹುಕಾಲ ಕೇಳಲಿಲ್ಲ. ನಾವು ಕೇಳುವುದು ಒಳ್ಳೆಯದು.

ಎರಡು ಕುಟುಂಬ, ಒಂದು ಸೂರು

ಮೊನೆ ಹುಟ್ಟಿದ್ದು 1840ರಲ್ಲಿ. 1874ರಲ್ಲಿ ಆತನೂ ಆತನ ಗೆಳೆಯರೂ ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ಏರ್ಪಡಿಸಿದಾಗ, ಆತನ ಸೂರ್ಯೋದಯದ ಚಿತ್ರವೊಂದರ ಹೆಸರನ್ನು ಹಿಡಿದು ವಿಮರ್ಶಕರು ಹಂಗಿಸಿದರು. ಆ ಹಂಗಿನ ಮಾತೇ 'ಇಂಪ್ರೆಷನಿಸಂ' ಎಂಬ ಚಿತ್ರಪಂಥದ ಹೆಸರಾಯಿತು. ಕಣ್ಣೆದುರಿನ ವಸ್ತುವನ್ನಲ್ಲ, ಅದರ ಮೇಲೆ ಆ ಕ್ಷಣದಲ್ಲಿ ಬಿದ್ದಿರುವ ಬೆಳಕನ್ನು ಹಿಡಿಯುವುದೇ ಈ ಪಂಥದವರ ಹಂಬಲವಾಗಿತ್ತು.

ಆದರೆ ಹಂಬಲದಿಂದ ಹೊಟ್ಟೆ ತುಂಬುವುದಿಲ್ಲ. ಮೊನೆ ಸಾಲದಲ್ಲಿ ಮುಳುಗಿದ್ದನು. ಆತನ ಚಿತ್ರಗಳನ್ನು ಕೊಳ್ಳುತ್ತಿದ್ದ ಎರ್ನೆಸ್ಟ್ ಓಶೆದೆ ಎಂಬ ಬಟ್ಟೆ ವ್ಯಾಪಾರಿಯೂ 1877ರಲ್ಲಿ ದಿವಾಳಿಯಾದನು. ಮರುವರ್ಷ ಎರಡೂ ಕುಟುಂಬಗಳು ಖರ್ಚು ಹಂಚಿಕೊಂಡು ಸೀನ್ ದಡದ ವೆತೊಯ್ ಎಂಬ ಹಳ್ಳಿಯಲ್ಲಿ ಒಂದೇ ಮನೆ ಹಿಡಿದವು. ಮೊನೆಯ ಕಡೆ ಹೆಂಡತಿ ಕಮೀಲ್, ಝಾನ್ ಮತ್ತು ಮಿಶೆಲ್ ಎಂಬ ಇಬ್ಬರು ಗಂಡುಮಕ್ಕಳು. ಓಶೆದೆಯ ಕಡೆ ಹೆಂಡತಿ ಆಲಿಸ್ ಮತ್ತು ಆರು ಮಕ್ಕಳು. 1879ರ ಸೆಪ್ಟೆಂಬರಿನಲ್ಲಿ ಕಮೀಲ್ ಕಾಯಿಲೆಯಿಂದ ನರಳಿ ತೀರಿಕೊಂಡಳು. ಆಕೆಯನ್ನು ಕೊನೆಯವರೆಗೂ ಉಪಚರಿಸಿದವಳು ಆಲಿಸ್. ಎರ್ನೆಸ್ಟ್ ಹೆಚ್ಚಾಗಿ ಪ್ಯಾರಿಸ್ಸಿನಲ್ಲೇ ಉಳಿದನು. ಆಲಿಸ್ ಎಂಟೂ ಮಕ್ಕಳನ್ನು ಸಾಕುತ್ತ ಮೊನೆಯ ಮನೆಯಲ್ಲೇ ಉಳಿದಳು. 1883ರಲ್ಲಿ ಈ ದೊಡ್ಡ ಸಂಸಾರ ಜಿವೆರ್ನಿ ಎಂಬ ಹಳ್ಳಿಗೆ ಬಂದು ನೆಲೆಸಿತು. ಆಲಿಸ್ ದೈವಭಕ್ತೆಯಾದ ಕಥೋಲಿಕ ಸ್ತ್ರೀ. ಗಂಡ ಬದುಕಿರುವಾಗಲೇ ಇನ್ನೊಬ್ಬನ ಮನೆಯಲ್ಲಿರುವ ಸ್ಥಿತಿ ಆಕೆಗೆ ಸುಲಭದ್ದಾಗಿರಲಿಲ್ಲ. 1891ರಲ್ಲಿ ಎರ್ನೆಸ್ಟ್ ತೀರಿಕೊಂಡನು. 1892ರಲ್ಲಿ ಮೊನೆ ಮತ್ತು ಆಲಿಸ್ ವಿವಾಹವಾದರು.

ಆಲಿಸಳ ಎರಡನೆಯ ಮಗಳು ಬ್ಲಾಂಶ್. ಹುಟ್ಟಿದ್ದು 1865ರಲ್ಲಿ. ಎಳವೆಯಲ್ಲೇ ಆಕೆಗೆ ಬಣ್ಣದ ಹುಚ್ಚು ಹಿಡಿಯಿತು. ಮನೆಯ ಮಕ್ಕಳ ಪೈಕಿ ಮೊನೆಯ ಕೆಲಸವನ್ನು ಹತ್ತಿರದಿಂದ ನೋಡಿ ಕಲಿತು ಚಿತ್ರಕಾರ್ತಿಯಾದವಳು ಆಕೆ ಮಾತ್ರ. ಬೆಳಗಿನ ಜಾವ ಆತ ಹೊಲದ ಕಡೆ ಹೊರಟರೆ, ಆತನ ಈಸೆಲ್, ಕ್ಯಾನ್ವಾಸುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಆಕೆಯೂ ಹೊರಡುತ್ತಿದ್ದಳು; ಆತನ ಪಕ್ಕದಲ್ಲೇ ತನ್ನ ಈಸೆಲನ್ನೂ ನಿಲ್ಲಿಸಿ ಅದೇ ಹುಲ್ಲಿನ ಬಣವೆಯನ್ನೋ, ಅದೇ ನದಿಯ ದಡವನ್ನೋ ತನ್ನ ಕಣ್ಣಿನಿಂದ ಚಿತ್ರಿಸುತ್ತಿದ್ದಳು.

ಮೊನೆಯನ್ನು ಸಂತನಂತೆ ಬಣ್ಣಿಸುವ ಅಗತ್ಯವಿಲ್ಲ. ಮನೆಯಲ್ಲಿ ಆತನದೇ ಮಾತು. ಮಧ್ಯಾಹ್ನದ ಊಟ ಹನ್ನೊಂದೂವರೆಗೆ ಸರಿಯಾಗಿ ಮೇಜಿನ ಮೇಲಿರಬೇಕು. ಹೊರಗೆ ಮೋಡ ಕವಿದರೆ ಮನೆಯೊಳಗೂ ಮೋಡ ಕವಿಯುತ್ತಿತ್ತು. ಅಮೆರಿಕದಿಂದ ಬಂದಿದ್ದ ಜಾನ್ ಲೆಸ್ಲಿ ಬ್ರೆಕ್ ಎಂಬ ಕಲಾವಿದನೂ ಬ್ಲಾಂಶಳೂ ಪರಸ್ಪರ ಮೆಚ್ಚಿಕೊಂಡಾಗ ಮೊನೆ ಒಪ್ಪಲಿಲ್ಲ; ಆ ಪ್ರೀತಿ ಅಲ್ಲಿಗೇ ಮುರಿಯಿತು. ಆಕೆಯ ತಂಗಿ ಸೂಝಾನಳಿಗೆ ಮಾತ್ರ 1892ರಲ್ಲಿ ಇನ್ನೊಬ್ಬ ಅಮೆರಿಕನ್ ಕಲಾವಿದನನ್ನು ಮದುವೆಯಾಗಲು ಅನುಮತಿ ಸಿಕ್ಕಿತು. ಬ್ಲಾಂಶ್ 1897ರಲ್ಲಿ ಮೊನೆಯ ಹಿರಿಯ ಮಗ ಝಾನನನ್ನು ಮದುವೆಯಾದಳು. ಒಂದೇ ಸೂರಿನಡಿ ಬೆಳೆದವರಾದರೂ ಅವರಿಬ್ಬರಿಗೂ ರಕ್ತಸಂಬಂಧವಿರಲಿಲ್ಲ. ಹೀಗೆ ಆಕೆ ಮೊನೆಗೆ ಹೆಂಡತಿಯ ಮಗಳೂ ಹೌದು, ಮಗನ ಹೆಂಡತಿಯೂ ಹೌದು.

ಕುಂಚ ಕೆಳಗಿಟ್ಟ ದಿನಗಳು

ಮದುವೆಯಾದ ಮರುವರ್ಷವೇ, ಅಂದರೆ 1893ರಲ್ಲಿ, ಮೊನೆ ಮನೆಯ ತೋಟದಾಚೆ ಒಂದು ತುಂಡು ಜವುಗುನೆಲ ಕೊಂಡು, ಹತ್ತಿರದ ತೊರೆಯಿಂದ ನೀರು ತಿರುಗಿಸಿ, ಕೊಳ ಮಾಡಿಸಿ ನೈದಿಲೆ ಬೆಳೆಸಿದನು. ಮೊದಲು ಅದು ಕಣ್ಣಿನ ಸಂತೋಷಕ್ಕಾಗಿ ಮಾಡಿದ್ದು. ಅದೇ ಮುಂದೆ ಆತನ ಕಲೆಯ ಏಕೈಕ ವಸ್ತುವಾಗುವಂತೆ ಬೆಳೆಯಿತು. 1909ರಲ್ಲಿ ಪ್ಯಾರಿಸ್ಸಿನಲ್ಲಿ ಈ ಕೊಳದ 48 ಚಿತ್ರಗಳನ್ನು ಪ್ರದರ್ಶಿಸಿದಾಗ ಜನ ಬೆರಗಾದರು. ಆ ಹೊತ್ತಿಗೆ ಆತ ಐಶ್ವರ್ಯವಂತ, ಜಗತ್ಪ್ರಸಿದ್ಧ.

ಆಮೇಲೆ ಹೊಡೆತಗಳು ಒಂದರ ಹಿಂದೊಂದು ಬಂದವು. 1911ರ ಮೇ 19ರಂದು ಆಲಿಸ್ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಮೊನೆ ಕುಸಿದನು. ಆಲಿಸ್ ಜೊತೆ 1908ರಲ್ಲಿ ವೆನಿಸ್ಸಿಗೆ ಹೋಗಿದ್ದಾಗ ಆರಂಭಿಸಿದ್ದ ಚಿತ್ರಗಳನ್ನು ಹೇಗೋ ಮುಗಿಸಿ 1912ರಲ್ಲಿ ಪ್ರದರ್ಶನಕ್ಕೆ ಕೊಟ್ಟನಾದರೂ ಹೊಸ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅದೇ ವರ್ಷ ಎರಡೂ ಕಣ್ಣುಗಳಿಗೆ ಪೊರೆ ಬಂದಿದೆಯೆಂದು ವೈದ್ಯರು ತಿಳಿಸಿದರು. ಬೆಳಕನ್ನೇ ಬದುಕಾಗಿಸಿಕೊಂಡಿದ್ದವನಿಗೆ ಇದಕ್ಕಿಂತ ಕ್ರೂರವಾದ ಸುದ್ದಿ ಇನ್ನಾವುದಿದ್ದೀತು? ಇಷ್ಟಕ್ಕೇ ಮುಗಿಯಲಿಲ್ಲ. ಹಿರಿಯ ಮಗ ಝಾನ್ ದೀರ್ಘಕಾಲ ಕಾಯಿಲೆಯಿಂದ ಬಳಲಿ 1914ರ ಫೆಬ್ರವರಿಯಲ್ಲಿ ತೀರಿಕೊಂಡನು. ಆತನಿಗೆ ಕೇವಲ 46 ವರ್ಷ.

ವಿಧವೆಯಾದ ಬ್ಲಾಂಶ್ ಜಿವೆರ್ನಿಯ ಮನೆಯಲ್ಲೇ ನಿಂತಳು. ಆಗ ಆಕೆಗೆ 48 ವರ್ಷ. ತಾಯಿಯನ್ನು ಕಳೆದುಕೊಂಡವಳು, ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲದವಳು. ಎದುರಿಗಿದ್ದ ಮುದುಕ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡವನು. ಒಬ್ಬರ ನಷ್ಟವೇ ಇನ್ನೊಬ್ಬರ ನಷ್ಟವೂ ಆಗಿತ್ತು. ಒಬ್ಬರನ್ನೊಬ್ಬರು ಸಂತೈಸಲು ಅವರಿಗೆ ಮಾತು ಬೇಕಿರಲಿಲ್ಲ.

ಮರಳಿ ಕೊಳದ ಬಳಿಗೆ

ಬ್ಲಾಂಶ್ ಮನೆಯ ಆಡಳಿತ ವಹಿಸಿಕೊಂಡಳು. ಅಡುಗೆಮನೆ, ತೋಟದ ಆಳುಗಳು, ಬಂದುಹೋಗುವ ಅತಿಥಿಗಳು, ಪತ್ರವ್ಯವಹಾರ ಎಲ್ಲವೂ ಆಕೆಯ ಹೆಗಲಿಗೆ ಬಂದವು. ಆದರೆ ಊಟ ಬಡಿಸಿ ಔಷಧ ಕೊಡುವವರು ಬೇರೆಯೂ ಸಿಗುತ್ತಾರೆ. ಬ್ಲಾಂಶ್ ಕೊಟ್ಟದ್ದು ಇನ್ನೊಂದು. ಆಕೆ ಸ್ವತಃ ಚಿತ್ರಕಾರ್ತಿ. ಆಕಾಶ ನೋಡಿ, ಇಂದಿನ ಬೆಳಕು ಎಂಥದು ಎಂದು ಹೇಳಬಲ್ಲವಳು. ಕ್ಯಾನ್ವಾಸ್ ಹೊತ್ತು ತರಬಲ್ಲವಳು. ಬೆಳಕು ಬದಲಾದ ಕೂಡಲೇ ಒಂದನ್ನು ತೆಗೆದು ಇನ್ನೊಂದನ್ನು ನಿಲ್ಲಿಸಬೇಕೆಂದು ಹೇಳಿಸಿಕೊಳ್ಳದೆ ತಿಳಿಯಬಲ್ಲವಳು. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರ ಬರೆಯದ ಮೊನೆ ಅರ್ಧ ಸತ್ತಂತೆ ಎಂಬುದನ್ನು ಬಲ್ಲವಳು.

ಇನ್ನೊಬ್ಬ ಸಹಾಯಕ ಜಾರ್ಜ್ ಕ್ಲೆಮಾನ್ಸೊ. ಮೊನೆಗಿಂತ ಒಂದು ವರ್ಷ ಕಿರಿಯ. ವೈದ್ಯಶಾಸ್ತ್ರ ಓದಿ ರಾಜಕೀಯಕ್ಕಿಳಿದು ಫ್ರಾನ್ಸಿನ ಪ್ರಧಾನಮಂತ್ರಿಯಾದವನು. ಆತ ಧರ್ಮಸಭೆಯ ಕಟು ವಿರೋಧಿಯಾಗಿದ್ದನೆಂಬುದನ್ನು ನಾವು ಮರೆಯಬೇಕಾಗಿಲ್ಲ. ಸ್ನೇಹಕ್ಕೆ ಆತ ತೋರಿದ ನಿಷ್ಠೆಯನ್ನೂ ಮರೆಯಬೇಕಾಗಿಲ್ಲ. 1914ರ ವಸಂತದಲ್ಲಿ, ಕೊಳದ ಚಿತ್ರಗಳಿಂದ ಇಡೀ ಕೋಣೆಯನ್ನು ಸುತ್ತುವರಿಯುವ ತನ್ನ ಹಳೆಯ ಕನಸನ್ನು ಮೊನೆ ಆತನ ಮುಂದೆ ಬಿಚ್ಚಿಟ್ಟಾಗ, ತಡಮಾಡದೆ ಆರಂಭಿಸು ಎಂದು ಒತ್ತಾಯಿಸಿದವನು ಕ್ಲೆಮಾನ್ಸೊ. ಹೊರಗಿನಿಂದ ಹುರಿದುಂಬಿಸುವವನು ಗೆಳೆಯ. ಮನೆಯೊಳಗಿದ್ದು ಪ್ರತಿದಿನ ಅದನ್ನು ಸಾಧ್ಯವಾಗಿಸುವವಳು ಸೊಸೆ. ಈ ಬ್ಲಾಂಶಳನ್ನು ಕ್ಲೆಮಾನ್ಸೊ 'ನೀಲಿ ದೇವದೂತೆ' ಎಂದು ಕರೆಯುತ್ತಿದ್ದನು. ಬೇಸಿಗೆ ಬರುವಷ್ಟರಲ್ಲಿ ಮೊನೆ ಮತ್ತೆ ಬೆಳಗ್ಗೆ ಬೇಗನೆ ಏಳತೊಡಗಿದ್ದನು.

ಆಗಸ್ಟಿನಲ್ಲಿ ಮಹಾಯುದ್ಧ ಸಿಡಿಯಿತು. ಜರ್ಮನ್ ಸೈನ್ಯ ಪ್ಯಾರಿಸ್ಸಿನತ್ತ ನುಗ್ಗುತ್ತಿದ್ದಾಗ ಹಳ್ಳಿಯ ಜನ, ಬಂಧುಗಳು ಊರು ಬಿಟ್ಟರು. ಮೊನೆ ಕದಲಲಿಲ್ಲ. ಸಾಯಬೇಕಾದರೆ ತನ್ನ ಚಿತ್ರಗಳ ನಡುವೆಯೇ ಸಾಯುತ್ತೇನೆಂದು ಗೆಳೆಯರಿಗೆ ಬರೆದನು. ಬ್ಲಾಂಶಳೂ ಕದಲಲಿಲ್ಲ. ಕಿರಿಯ ಮಗ ಮಿಶೆಲ್ ಸೈನ್ಯ ಸೇರಿದನು. ಮುಂದೆ ವೆರ್ದನ್ ಕದನದ ನರಕವನ್ನೂ ಕಂಡನು. ಲಕ್ಷಾಂತರ ಯುವಕರು ಸಾಯುತ್ತಿರುವಾಗ ತಾನು ಬಣ್ಣ, ಆಕಾರಗಳ ಚಿಂತೆಯಲ್ಲಿರುವುದಕ್ಕೆ ನಾಚಿಕೆಯಾಗುತ್ತದೆ ಎಂದು ಮೊನೆ ಪತ್ರದಲ್ಲಿ ತೋಡಿಕೊಂಡಿದ್ದಾನೆ. ಆದರೂ ಕೆಲಸ ನಿಲ್ಲಿಸಲಿಲ್ಲ. ದುಃಖವನ್ನು ಮರೆಯಲು ಆತನಿಗೆ ಬೇರೆ ದಾರಿಯೇ ಇರಲಿಲ್ಲ. 1915ರಲ್ಲಿ ಈ ದೊಡ್ಡ ಫಲಕಗಳಿಗಾಗಿಯೇ ಸುಮಾರು 23 ಮೀಟರ್ ಉದ್ದ, 12 ಮೀಟರ್ ಅಗಲದ, ಮೇಲ್ಗಡೆಯಿಂದ ಬೆಳಕು ಬೀಳುವ ಹೊಸ ಚಿತ್ರಶಾಲೆ ಕಟ್ಟಿಸತೊಡಗಿದನು. ಫಲಕಗಳನ್ನು ಚಕ್ರವಿರುವ ಈಸೆಲ್‌ಗಳ ಮೇಲೆ ನಿಲ್ಲಿಸಿ ಬೇಕಾದಂತೆ ಸರಿಸಬಹುದಾಗಿತ್ತು.

1918ರ ನವೆಂಬರ್ 11ರಂದು ಯುದ್ಧ ನಿಂತಿತು. ಮರುದಿನವೇ ಮೊನೆ ಕ್ಲೆಮಾನ್ಸೊಗೆ ಪತ್ರ ಬರೆದು, ವಿಜಯದ ಕಾಣಿಕೆಯಾಗಿ ಎರಡು ಫಲಕಗಳನ್ನು ದೇಶಕ್ಕೆ ಕೊಡಲು ಮುಂದಾದನು. ಆ ಎರಡು ಬೆಳೆಯುತ್ತ ಬೆಳೆಯುತ್ತ ಒಂದು ಇಡೀ ಚಿತ್ರಸರಣಿಯ ದಾನವಾಯಿತು. 1922ರ ಏಪ್ರಿಲಿನಲ್ಲಿ ದಾನಪತ್ರಕ್ಕೆ ಸಹಿ ಬಿತ್ತು.

ಕಣ್ಣಿನ ಕತ್ತಲೆ

ಆದರೆ ಸಹಿ ಹಾಕಿದವನಿಗೆ ಕಣ್ಣು ಕಾಣುತ್ತಿರಲಿಲ್ಲ. ಪೊರೆ ಬಲಿತಂತೆ ಲೋಕವೆಲ್ಲ ಹಳದಿ, ಕಂದು ಮಂಜಿನಲ್ಲಿ ಮುಳುಗುತ್ತಿತ್ತು. ಟ್ಯೂಬಿನ ಮೇಲಿನ ಹೆಸರನ್ನೂ ವರ್ಣಫಲಕದಲ್ಲಿ ಬಣ್ಣಗಳನ್ನಿಟ್ಟ ಕ್ರಮವನ್ನೂ ನಂಬಿ ಆತ ಕೆಲಸ ಮಾಡಬೇಕಾಯಿತು. ಆ ವರ್ಷಗಳಲ್ಲಿ ಬರೆದ ಜಪಾನೀ ಶೈಲಿಯ ಕಾಲುಸೇತುವೆಯ ಚಿತ್ರಗಳು ಬೆಂಕಿಯ ಬಣ್ಣದಲ್ಲಿ ಉರಿಯುತ್ತವೆ. ತನಗೇ ಹಿಡಿಸದ ಕ್ಯಾನ್ವಾಸುಗಳನ್ನು ಸಿಟ್ಟಿನಿಂದ ಹರಿದು ಹಾಕಿದ್ದೂ ಉಂಟು.

ಅಂದಿನ ಶಸ್ತ್ರಚಿಕಿತ್ಸೆ ಇಂದಿನಂತೆ ಅರ್ಧ ಗಂಟೆಯ ಮಾತಲ್ಲ. ಕಣ್ಣಿನ ಮಸೂರವನ್ನು ತೆಗೆಯುತ್ತಿದ್ದರು. ಅದರ ಜಾಗದಲ್ಲಿ ಇಡಲು ಬೇರೆ ಮಸೂರವಿರಲಿಲ್ಲ. ಆಮೇಲೆ ಹಲವು ದಿನ ಅಲುಗಾಡದೆ ಮಲಗಬೇಕು. ಉಳಿದ ಬದುಕಿಗೆಲ್ಲ ದಪ್ಪ ಗಾಜಿನ ಕನ್ನಡಕ. ಮೊನೆ ವರ್ಷಗಟ್ಟಲೆ ಹೆದರಿ ಮುಂದೂಡಿದನು. ಕೊನೆಗೆ ಕ್ಲೆಮಾನ್ಸೊನ ಒತ್ತಾಯಕ್ಕೆ ಮಣಿದು 1923ರ ಜನವರಿಯಲ್ಲಿ ಡಾಕ್ಟರ್ ಶಾರ್ಲ್ ಕುತೆಲಾ ಅವರಿಂದ ಬಲಗಣ್ಣಿಗೆ ಚಿಕಿತ್ಸೆ ಮಾಡಿಸಿಕೊಂಡನು. ಅದೇ ಕಣ್ಣಿಗೆ ಮತ್ತೊಮ್ಮೆ ಜುಲೈಯಲ್ಲಿ. 82 ವರ್ಷದ ರೋಗಿ ಮಗುವಿಗಿಂತ ಹಟಮಾರಿಯಾಗಿದ್ದನು. ಕಣ್ಣಿನ ಪಟ್ಟಿಯನ್ನೇ ಕಿತ್ತೆಸೆಯಲು ಹೋದನು. ಅಂಥವನ ಹಾಸಿಗೆಯ ಪಕ್ಕದಲ್ಲಿ ಕುಳಿತು ಕಾದವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಚಿಕಿತ್ಸೆಯ ಬಳಿಕ ಲೋಕ ಮೊದಲು ಅತಿ ಹಳದಿಯಾಗಿ, ಆಮೇಲೆ ಅತಿ ನೀಲಿಯಾಗಿ ಕಾಣಿಸಿತು. ಬಗೆಬಗೆಯ ಬಣ್ಣದ ಕನ್ನಡಕಗಳ ಪ್ರಯೋಗ ನಡೆಯಿತು. ನಿರಾಶನಾದ ಮೊನೆ 1925ರ ಆರಂಭದಲ್ಲಿ, ದಾನದ ಮಾತನ್ನೇ ಹಿಂತೆಗೆದುಕೊಳ್ಳುತ್ತೇನೆಂದು ಸರ್ಕಾರಕ್ಕೆ ಬರೆದನು. ಕ್ಲೆಮಾನ್ಸೊ ಕೆರಳಿ ಕೆಂಡವಾದನು. ಅರ್ಧ ಶತಮಾನದ ಸ್ನೇಹ ಹರಿಯುವ ಹಂತ ಮುಟ್ಟಿತು. ಇಬ್ಬರು ಹಟಮಾರಿ ಮುದುಕರ ನಡುವೆ ಸುದ್ದಿ ಮುಟ್ಟಿಸುವ ದಾರಿಯಾಗಿ ಉಳಿದವಳು ಬ್ಲಾಂಶ್. ಆ ವರ್ಷದ ಬೇಸಿಗೆಯ ಹೊತ್ತಿಗೆ ಸರಿಹೊಂದುವ ಕನ್ನಡಕ ಸಿಕ್ಕಿತು. ಬಣ್ಣಗಳು ಮರಳಿದವು. ಮೊನೆ ಯುವಕನಂತೆ ಮತ್ತೆ ಕೆಲಸಕ್ಕಿಳಿದನು.

ಬದುಕಿರುವಷ್ಟು ದಿನ ಆತ ಆ ಫಲಕಗಳನ್ನು ಮನೆಯಿಂದ ಹೊರಗೆ ಕಳುಹಿಸಲಿಲ್ಲ. ಇನ್ನೊಂದಿಷ್ಟು ತಿದ್ದಬೇಕು, ಇನ್ನೊಂದಿಷ್ಟು ಎನ್ನುತ್ತಲೇ ಇದ್ದು 1926ರ ಡಿಸೆಂಬರ್ 5ರಂದು ಕಣ್ಣು ಮುಚ್ಚಿದನು. ಕ್ಲೆಮಾನ್ಸೊ ಪಕ್ಕದಲ್ಲೇ ಇದ್ದನು. ಶವಪೆಟ್ಟಿಗೆಗೆ ಹೊದಿಸಿದ್ದ ಕಪ್ಪು ಬಟ್ಟೆಯನ್ನು ತೆಗೆದು, ಮೊನೆಗೆ ಕಪ್ಪು ಸಲ್ಲದು ಎನ್ನುತ್ತ ಹೂವಿನ ಚಿತ್ತಾರದ ಪರದೆಯನ್ನು ಆತ ಹೊದಿಸಿದನೆಂಬುದು ಪ್ರಸಿದ್ಧ ಕಥೆ. ಮೊನೆ ನಂಬಿಕೆಯುಳ್ಳವನಾಗಿರಲಿಲ್ಲ, ಆತನ ಇಚ್ಛೆಯಂತೆ ಅಂತ್ಯಕ್ರಿಯೆ ಧಾರ್ಮಿಕ ವಿಧಿಗಳಿಲ್ಲದೆ ನಡೆಯಿತು. ಆದರೂ ಆತ ಮಲಗಿರುವುದು ಜಿವೆರ್ನಿಯ ಸಂತ ರಾಡೆಗೊಂಡಳ ದೇವಾಲಯದ ಅಂಗಳದಲ್ಲಿ, ಕುಟುಂಬದ ಸಮಾಧಿಯಲ್ಲಿ. ಆಲಿಸ್, ಆಕೆಯ ಮೊದಲ ಗಂಡ ಎರ್ನೆಸ್ಟ್, ಮಗಳು ಸೂಝಾನ್, ಮಗ ಝಾನ್ ಎಲ್ಲರೂ ಅಲ್ಲಿದ್ದಾರೆ. ಬದುಕಿನಲ್ಲಿ ತೊಡಕಾಗಿದ್ದ ಸಂಬಂಧಗಳೆಲ್ಲ ಅಲ್ಲಿ ಒಂದೇ ಮಣ್ಣಿನಲ್ಲಿ ಮೌನವಾಗಿವೆ.

ಬೆಳಕು ಮರಳಿತು

1927ರ ಮೇ 17ರಂದು ಒರಾಂಜರಿಯ ಸಭಾಂಗಣಗಳು ತೆರೆದವು. ಆಶ್ಚರ್ಯವೆಂದರೆ, ಜನ ಬರಲಿಲ್ಲ. ಕಲೆಯ ಗಾಳಿ ಬೇರೆ ಕಡೆಗೆ ಬೀಸುತ್ತಿತ್ತು. ಹಳೆಯ ಕಾಲದ ಮುದುಕನ ಕೊಳ ಯಾರಿಗೂ ಬೇಡವಾಯಿತು. 1944ರಲ್ಲಿ ಪ್ಯಾರಿಸ್ ವಿಮೋಚನೆಯ ಕಾಳಗದಲ್ಲಿ ಕಟ್ಟಡಕ್ಕೆ ಗುಂಡು ಬಿದ್ದು ಫಲಕಗಳಿಗೂ ಪೆಟ್ಟಾಯಿತು. 1952ರಲ್ಲಿ ಕಲಾವಿದ ಆಂದ್ರೆ ಮಾಸೋಂ ಈ ಸಭಾಂಗಣಗಳನ್ನು ರೋಮಿನ ಸಿಸ್ಟೀನ್ ದೇವಾಲಯಕ್ಕೆ ಹೋಲಿಸಿ ಬರೆದ ಮೇಲೆ ಜನರ ಕಣ್ಣು ಇತ್ತ ತಿರುಗತೊಡಗಿತು. ಆದರೂ 1960ರ ದಶಕದಲ್ಲಿ ಬೇರೊಂದು ಚಿತ್ರಸಂಗ್ರಹಕ್ಕಾಗಿ ಮೇಲೆ ಮಹಡಿ ಕಟ್ಟಿ, ಮೊನೆ ಬಯಸಿದ್ದ ಹಗಲಿನ ಬೆಳಕನ್ನೇ ಮುಚ್ಚಿಬಿಟ್ಟರು. ವರ್ಷಗಟ್ಟಲೆ ನಡೆದ ದುರಸ್ತಿಯ ನಂತರ 2006ರಲ್ಲಿ ಆ ಮಹಡಿ ಹೋಯಿತು, ಬೆಳಕು ಮರಳಿತು. ಇಂದು ಆ ಕೋಣೆಗಳಲ್ಲಿ ಮೋಡ ಹಾದುಹೋದರೆ ಗೋಡೆಯ ಮೇಲಿನ ಕೊಳವೂ ಮಂಕಾಗುತ್ತದೆ. ಬಿಸಿಲು ಬಂದರೆ ಅದೂ ಹೊಳೆಯುತ್ತದೆ.

ಚಿತ್ರಗಳ ಮೇಲೆ ಬೆಳಕು ಬೀಳಲು ಎಂಬತ್ತು ವರ್ಷ ಹಿಡಿಯಿತು. ಬ್ಲಾಂಶಳ ಮೇಲೆ ಬೀಳಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಮೊನೆಯ ಕೊನೆಯ ವರ್ಷಗಳಲ್ಲಿ ಆಕೆ ತನ್ನ ಕುಂಚವನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದಳು. 48ರಿಂದ 61ರವರೆಗಿನ ವಯಸ್ಸು ಒಬ್ಬ ಕಲಾವಿದನ ಕೈ ಪಕ್ವವಾಗುವ ಕಾಲ. ಆಕೆ ಅದನ್ನು ಇನ್ನೊಬ್ಬನ ಕೈಗೆ ಊರುಗೋಲಾಗಿ ಕೊಟ್ಟಳು. ಮೊನೆ ತೀರಿಕೊಂಡ ಮೇಲೆ ಮನೆ ಮಿಶೆಲನ ಪಾಲಿಗೆ ಬಂದರೂ ಅಲ್ಲೇ ಉಳಿದು ತೋಟವನ್ನು ನೋಡಿಕೊಂಡವಳು ಆಕೆ. ಆಗ, ಅರವತ್ತು ದಾಟಿದ ಮೇಲೆ, ಆಕೆಯೂ ತನ್ನ ಕ್ಯಾನ್ವಾಸಿಗೆ ಮರಳಿದಳು. ಅದೇ ಕೊಳ, ಅದೇ ಹೂದಾರಿ, ಅದೇ ಬೆಳಕು. 1947ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದಳು. ಹೀಗೆ ಈ ಮನೆಯಲ್ಲಿ ಮುಪ್ಪಿನಲ್ಲಿ ಮರಳಿದ ಚಿತ್ರಕಾರರು ಒಬ್ಬರಲ್ಲ, ಇಬ್ಬರು. ಮೊದಲನೆಯವನಿಗೆ ಪಕ್ಕದಲ್ಲಿ ಬ್ಲಾಂಶ್ ಇದ್ದಳು. ಎರಡನೆಯವಳಿಗೆ ಬ್ಲಾಂಶ್ ಇರಲಿಲ್ಲ.

ಜಿವೆರ್ನಿಯ ನೆರೆಯ ವೆರ್ನೋಂ ಪಟ್ಟಣದ ವಸ್ತುಸಂಗ್ರಹಾಲಯ ಇಂದು ಆಕೆಯ ಹೆಸರನ್ನು ಹೊತ್ತಿದೆ. 2025ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯವು ಆಕೆಯೊಬ್ಬಳದೇ ಚಿತ್ರಗಳ ಪ್ರದರ್ಶನ ನಡೆಸಿತು. ಮೊನೆಯ ಸೊಸೆ ಎಂದಲ್ಲ, ಚಿತ್ರಕಾರ್ತಿ ಎಂದು ಲೋಕ ಆಕೆಯನ್ನು ನೋಡಲು ತೊಡಗಿದ್ದು ತೀರ ಈಚೆಗೆ.

ನಮ್ಮ ಮನೆಗಳ ಕಡೆಗೊಂದು ನೋಟ

ಈ ಇತಿಹಾಸ ನಮಗೆ ಎರಡು ಮಾತುಗಳನ್ನು ಹೇಳುತ್ತದೆ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು.

ಮೊದಲನೆಯದು ಹಿರಿಯರ ಬಗ್ಗೆ. ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ನಾವು ಪ್ರೀತಿಯಿಂದ ಆಡುವ ಮಾತು, 'ಇನ್ನು ಸಾಕು, ಆರಾಮವಾಗಿ ಕುಳಿತುಕೊಳ್ಳಿ' ಎಂಬುದು. ನೇಗಿಲು ಹಿಡಿದ ಕೈಯಿಂದ, ಹೊಲಿಗೆ ಯಂತ್ರ ತುಳಿದ ಕಾಲಿನಿಂದ, ಉಳಿ ಸುತ್ತಿಗೆ ಹಿಡಿದ ಬೆರಳಿನಿಂದ ಕೆಲಸವನ್ನು ಕಸಿದುಕೊಂಡು, ಅದಕ್ಕೆ ವಿಶ್ರಾಂತಿ ಎಂದು ಹೆಸರಿಡುತ್ತೇವೆ. ಬ್ಲಾಂಶ್ ಹಾಗೆ ಮಾಡಲಿಲ್ಲ. ಕಣ್ಣು ಮಂಜಾದ ಮುದುಕನಿಗೆ ಆರಾಮ ಕುರ್ಚಿ ತಂದು ಹಾಕಿ ಸುಮ್ಮನಾಗಲಿಲ್ಲ. ಈಸೆಲ್ ತಂದು ನಿಲ್ಲಿಸಿದಳು. ಹತ್ತಿರವಿರುವುದೆಂದರೆ ಆ ವ್ಯಕ್ತಿ ಯಾವುದಕ್ಕಾಗಿ ಬದುಕಿದ್ದಾನೆಂದು ತಿಳಿದು ಅದರತ್ತ ಆತನನ್ನು ನಡೆಸುವುದು.

ಎರಡನೆಯದು ಬ್ಲಾಂಶಳ ಬಗ್ಗೆ. ಒಬ್ಬರು ಮರಳಿ ಎದ್ದು ನಿಲ್ಲುವಾಗ ಇನ್ನೊಬ್ಬರು ಬಾಗಿರುತ್ತಾರೆ. ಆ ಸೇವೆ ಪ್ರೀತಿಯಿಂದಲೇ ಬಂದಿರಬಹುದು. ಆದರೆ ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಲೆಯಿಲ್ಲ ಎಂದು ನಾವು ಲೆಕ್ಕ ಹಾಕಿದರೆ ಅದು ನಮ್ಮ ಕೃತಘ್ನತೆ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಸೊಸೆ, ತಂದೆತಾಯಿಗಾಗಿ ಓದು ನಿಲ್ಲಿಸಿದ ಮಗಳು ಯಾವ ಊರಿನಲ್ಲಿಲ್ಲ? ಅವರ ಕ್ಯಾನ್ವಾಸ್ ಯಾವುದಿತ್ತೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಹೊರೆ ಹಂಚಿಕೊಳ್ಳಲು ಗಂಡುಮಕ್ಕಳೂ ಬಂಧುಗಳೂ ಕೈಚಾಚಿದರೆ, ಅವರೂ ತಮ್ಮ ಕೆಲಸಕ್ಕೆ ಮರಳಲು ಅರವತ್ತು ವರ್ಷ ಕಾಯಬೇಕಾಗುವುದಿಲ್ಲ.

ಒರಾಂಜರಿಯ ಗೋಡೆಯ ಮೇಲೆ ಒಂದೇ ಹೆಸರಿದೆ. ಅದನ್ನು ಅಳಿಸಬೇಕಾಗಿಲ್ಲ, ಚಿತ್ರ ಬರೆದವನು ಆತನೇ. ಆದರೆ ಆ ನೀರನ್ನು ನೋಡಿದಾಗ, ಮುಂಜಾನೆ ಅದರ ದಡಕ್ಕೆ ಕ್ಯಾನ್ವಾಸ್ ಹೊತ್ತು ತಂದು, ಬೆಳಕು ಬದಲಾಗುವುದನ್ನೇ ಕಾಯುತ್ತ ಪಕ್ಕದಲ್ಲಿ ನಿಂತಿದ್ದವಳನ್ನೂ ನೆನೆಯೋಣ.